ನೋಯುವ ಜಡೆ ಕೂದಲನ್ನು ಕಾಯದು

ಓದುಗರ ಪತ್ರ

ಮಾನ್ಯರೇ,
ಪ್ರೊಟೆಕ್ಟಿವ್ ಹೇರ್‌ಸ್ಟೈಲ್ (ಕೂದಲು ಮುರಿಯದಂತೆ ಕಾಯುವ ಕೇಶವಿನ್ಯಾಸ) ಬಗ್ಗೆ ನಿಮ್ಮ ಪತ್ರಿಕೆಯಲ್ಲಿ ಬಂದ ಲೇಖನ ಓದಿ, ನನ್ನ ಗುಂಗುರು ಕೂದಲಿಗೆ ಸಣ್ಣ ಸಣ್ಣ ಜಡೆ ಹಾಕಿಸಿಕೊಳ್ಳಲು ಶುರು ಮಾಡಿದೆ. ಒಂದೂವರೆ ವರ್ಷವಾಯಿತು. ಒಮ್ಮೆ ಹಾಕಿಸಿದರೆ ಮೂರು ತಿಂಗಳು ಬಿಚ್ಚುವುದಿಲ್ಲ. ಮೊದಲೆರಡು ರಾತ್ರಿ ನೋವಿನ ಮಾತ್ರೆ ನುಂಗದೆ ನಿದ್ದೆ ಬರುವುದಿಲ್ಲ, ಆದರೂ ಸಹಿಸಿದೆ. ಕೂದಲು ಮಾತ್ರ ಭುಜದಿಂದ ಕೆಳಗೆ ಇಳಿದಿಲ್ಲ. ಬಿಚ್ಚಿದಾಗ ಹಿಡಿಗಟ್ಟಲೆ ಬರುತ್ತದೆ. ಕಿವಿಯ ಮೇಲೆ, ಹಣೆಯ ಅಂಚಿನಲ್ಲಿ ತೆಳ್ಳಗಾಗಿದೆ. ಜಡೆ ಹಾಕಿದರೆ ಬೆಳೆಯುತ್ತದೆ ಎಂದು ಬರೆದವರು ನೀವು. ಈಗ ಏನನ್ನುತ್ತೀರಿ? ತುದಿ ಕತ್ತರಿಸಿದರಾದರೂ ಬೆಳೆದೀತೇ?

ಸಂಪಾದಕರ ಉತ್ತರ

ನಿಮ್ಮ ಪತ್ರ ಓದಿದ ಕೂಡಲೇ ಆ ಹಳೆಯ ಸಂಚಿಕೆ ತೆಗೆಸಿ ನೋಡಿದೆ. ‘ಬೆಳೆಯುತ್ತದೆ’ ಎಂಬ ಮಾತು ಅದರಲ್ಲಿ ಮೂರು ಕಡೆ ಇದೆ. ‘ಬಿಗಿ ಮಾಡಬೇಡಿ’ ಎಂಬ ಮಾತು ಒಂದು ಕಡೆಯೂ ಇಲ್ಲ. ಅದನ್ನು ಓದಿ ಅಚ್ಚಿಗೆ ಕಳಿಸಿದವಳು ನಾನೇ. ಕ್ಷಮೆ ಕೇಳುತ್ತೇನೆ. ನಿಮ್ಮಂತೆ ಇನ್ನೆಷ್ಟು ಜನ ಆ ಲೇಖನ ನಂಬಿ ಮಾತ್ರೆ ನುಂಗಿ ಮಲಗಿದರೋ ಎಂಬ ಯೋಚನೆ ಬಿಡುತ್ತಿಲ್ಲ. ಹಾಗಾಗಿ ಉತ್ತರ ಉದ್ದವಾಗಲಿದೆ.

ಮೊದಲು ತುರ್ತಿನ ಮಾತು. ತಲೆಯಲ್ಲಿ ಈಗಲೂ ಆ ಜಡೆಗಳಿದ್ದರೆ ಇವತ್ತೇ ಬಿಚ್ಚಿಬಿಡಿ. ಕಿವಿಯ ಮೇಲೆ ತೆಳ್ಳಗಾದ ಜಾಗವನ್ನು ಚರ್ಮವೈದ್ಯರಿಗೆ ತೋರಿಸಿ, ಮುಂದೂಡಬೇಡಿ. ಎಷ್ಟು ಹೊತ್ತು ಬೇಕಾದರೂ ಹಿಡಿಯಲಿ, ಜಡೆಯನ್ನು ತುದಿಯಿಂದ ಬಿಚ್ಚುತ್ತಾ ಬುಡಕ್ಕೆ ಬನ್ನಿ. ಸಿಕ್ಕನ್ನು ಬೆರಳಿನಿಂದಲೇ ಬಿಡಿಸಿ, ಆಮೇಲೆ ಬಾಚಣಿಗೆ ಮುಟ್ಟಿ.

ಇನ್ನು ಬೆಳೆಯುವ ವಿಷಯ. ಕೂದಲು ಬೆಳೆಯುವುದು ಚರ್ಮದ ಒಳಗಿನ ಬುಡದಲ್ಲಿ, ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರ್. ಬಿಗಿ ಸುರುಳಿಯ ಕೂದಲು ಇದಕ್ಕಿಂತ ಸ್ವಲ್ಪ ನಿಧಾನ. ಒಂದೊಂದು ಎಳೆ 2ರಿಂದ 6 ವರ್ಷ ಬೆಳೆದು, ಎರಡು ಮೂರು ತಿಂಗಳು ಸುಮ್ಮನಿದ್ದು, ಉದುರಿ ಹೊಸದಕ್ಕೆ ಜಾಗ ಬಿಡುತ್ತದೆ. ನೀವು ಜಡೆ ಹಾಕಿ, ತುರುಬು ಕಟ್ಟಿ, ಬಿಟ್ಟುಕೊಳ್ಳಿ, ಬಿಗಿಯಾಗಿ ಎಳೆಯದಿದ್ದರೆ ಬುಡಕ್ಕೆ ಅದರ ಸುಳಿವೇ ಇಲ್ಲ. ಒಂದೂವರೆ ವರ್ಷದಲ್ಲಿ ನಿಮ್ಮ ಕೂದಲು ಖಂಡಿತ ಬೆಳೆದಿದೆ, ಒಂದು ಗೇಣಿಗೆ ಹತ್ತಿರ ಹತ್ತಿರ. ಬೆಳೆದಷ್ಟೂ ತುದಿಯಲ್ಲಿ ಮುರಿದು ಹೋಗಿದೆ, ಹಾಗಾಗಿ ಭುಜದಲ್ಲೇ ನಿಂತಿದೆ. ಜಡೆಯ ಕೆಲಸ ಇಷ್ಟೇ: ಬೆಳೆದದ್ದು ಮುರಿಯದಂತೆ ನೋಡಿಕೊಳ್ಳುವುದು. ನಾವು ಬರೆಯಬೇಕಿದ್ದದ್ದು ‘ಬೆಳೆಯುತ್ತದೆ’ ಎಂದಲ್ಲ, ‘ಉಳಿಯುತ್ತದೆ’ ಎಂದು.

ಭುಜಕ್ಕೆ ತಾಗುವ ಕೂದಲಿನ ತುದಿಗೆ ಎರಡೂವರೆ ವರ್ಷ ವಯಸ್ಸು ಎನ್ನುವುದನ್ನು ನಾವು ನೆನಪಿಡುವುದೇ ಇಲ್ಲ. ಅಷ್ಟೂ ದಿನದ ಬಿಸಿಲು, ತಲೆಸ್ನಾನ, ಬಾಚಣಿಗೆ, ದಿಂಬಿನ ಉಜ್ಜಾಟ ಎಲ್ಲ ಉಂಡ ಭಾಗ ಅದು. ಎಳೆಯ ಹೊರಮೈಯಲ್ಲಿ ಹಂಚಿನ ಹಾಗೆ ಒಂದರ ಮೇಲೊಂದು ಹೊದಿಸಿದ ತೆಳು ಪೊರೆಗಳಿವೆ. ಉಜ್ಜಿ ಉಜ್ಜಿ ಅವು ಎದ್ದು ಹೋದರೆ ಒಳಗಿನ ನಾರು ಬಯಲಾಗುತ್ತದೆ, ತುದಿ ಸೀಳುತ್ತದೆ. ಗುಂಗುರು ಕೂದಲಿಗೆ ಕಷ್ಟ ಎರಡು ಪಟ್ಟು. ನೇರ ಕೂದಲಿನಲ್ಲಿ ನೆತ್ತಿಯ ಜಿಡ್ಡು ಸಲೀಸಾಗಿ ಜಾರಿ ಕೆಳಗಿಳಿಯುತ್ತದೆ. ಸುರುಳಿಯಲ್ಲಿ ಅದು ಮೊದಲ ತಿರುವುಗಳಲ್ಲೇ ನಿಲ್ಲುತ್ತದೆ, ತುದಿ ಒಣಗಿಯೇ ಇರುತ್ತದೆ. ಜೊತೆಗೆ ಪ್ರತಿ ತಿರುವೂ ಮುರಿಯಲು ಒಂದು ಸುಲಭದ ಜಾಗ. ಆಫ್ರಿಕಾ ಮೂಲದ ಹೆಂಗಸರು ಇದನ್ನು ಕೈಯಿಂದಲೇ ಕಲಿತವರು. ಕಾರ್ನ್‌ರೋ, ಬಾಕ್ಸ್ ಬ್ರೇಡ್, ಟ್ವಿಸ್ಟ್ ಎಂದು ಇವತ್ತು ಎಲ್ಲರೂ ಹೇಳುವ ಜಡೆಗಳ ಹೆಸರುಗಳು ಅವರ ಕೂದಲಿನಿಂದ ಬಂದವು. ಅದೇ ಜಡೆಗಳ ಕಾರಣಕ್ಕೆ ಅವರನ್ನು ಕೆಲಸದಿಂದ, ಶಾಲೆಯಿಂದ ಹೊರಗಿಟ್ಟದ್ದೂ ಉಂಟು. ಅದನ್ನು ತಡೆಯುವ ಕ್ರೌನ್ ಆಕ್ಟ್ ಎಂಬ ಕಾನೂನನ್ನು ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯ ತಂದದ್ದು 2019ರಲ್ಲಿ, ತೀರಾ ಇತ್ತೀಚೆಗೆ. ಅವರ ವಿದ್ಯೆಯನ್ನು ಅರ್ಧ ಮಾತ್ರ ಎತ್ತಿ ನಾವು ಅಚ್ಚು ಹಾಕಿದೆವು ಎನ್ನುವುದು ನನಗೆ ಇನ್ನೂ ಹೆಚ್ಚು ನೋವಿನ ಸಂಗತಿ.

ಈಗ ಹಿಡಿಗಟ್ಟಲೆ ಉದುರುವ ಬಗ್ಗೆ. ಇಲ್ಲಿ ಸ್ವಲ್ಪ ಸಮಾಧಾನದ ಮಾತಿದೆ. ಯಾರ ತಲೆಯಿಂದಲಾದರೂ ದಿನಕ್ಕೆ 50ರಿಂದ 100 ಕೂದಲು ತಾನಾಗಿ ಉದುರುತ್ತವೆ. ಜಡೆಯಲ್ಲಿ ಸಿಕ್ಕಿಕೊಂಡವು ಕೆಳಗೆ ಬೀಳುವುದಿಲ್ಲ, ಅಲ್ಲೇ ಕೂತಿರುತ್ತವೆ. ಮೂರು ತಿಂಗಳಿಗೆ ಲೆಕ್ಕ ಹಾಕಿ: 4,500ರಿಂದ 9,000 ಎಳೆ! ಬಿಚ್ಚಿದ ದಿನ ಅಷ್ಟೂ ಒಟ್ಟಿಗೆ ಕೈಗೆ ಬಂದರೆ ಯಾರಿಗಾದರೂ ಎದೆ ಧಸಕ್ಕೆನ್ನುತ್ತದೆ. ಅದರಲ್ಲಿ ಎಷ್ಟು ಉದುರಿದ್ದು, ಎಷ್ಟು ಮುರಿದದ್ದು ಎಂದು ನೀವೇ ಪರೀಕ್ಷೆ ಮಾಡಬಹುದು. ಬಿಳಿ ಹಾಳೆಯ ಮೇಲೆ ಒಂದೊಂದೇ ಎಳೆ ಇಟ್ಟು ಎರಡೂ ತುದಿ ನೋಡಿ. ತಾನಾಗಿ ಉದುರಿದ್ದರ ಒಂದು ತುದಿಯಲ್ಲಿ ಸೂಜಿಮೊನೆಯಷ್ಟು ಸಣ್ಣ ಬಿಳಿ ಗುಂಡು ಇರುತ್ತದೆ, ಬೆರಳ ನಡುವೆ ಎಳೆದರೆ ತಡೆಯುತ್ತದೆ. ಮುರಿದದ್ದಕ್ಕೆ ಗುಂಡು ಇಲ್ಲ.

ಪತ್ರ ಬಂದ ದಿನ ರಾತ್ರಿ ನಾನೂ ಕೂತು ನೋಡಿದೆ. ಬಾಚಣಿಗೆಗೆ ಬಂದದ್ದು 23 ಎಳೆ. 14ಕ್ಕೆ ಗುಂಡು ಇತ್ತು. ಉಳಿದ 9 ತುಂಡುಗಳು ಹೆಚ್ಚು ಕಡಿಮೆ ಒಂದೇ ಉದ್ದ, ಮಧ್ಯದ ಬೆರಳಿನಷ್ಟು. ಒಂದೇ ಉದ್ದ ಯಾಕೆ ಎಂದು ತುಸು ಹೊತ್ತು ಹೊಳೆಯಲೇ ಇಲ್ಲ. ಕೂದಲನ್ನು ಹಿಂದಕ್ಕೆ ಹಿಡಿದು ರಬ್ಬರ್ ಬ್ಯಾಂಡ್ ಕೂರುವ ಜಾಗದ ಮೇಲೆ ಆ ತುಂಡನ್ನಿಟ್ಟು ನೋಡಿದೆ: ಬ್ಯಾಂಡಿನಿಂದ ತುದಿಗೆ ಸರಿಯಾಗಿ ಅಷ್ಟೇ ಅಳತೆ. ದಿನಾ ಅದೇ ಎತ್ತರ, ಅದೇ ಬ್ಯಾಂಡ್, ಅದೇ ಜಾಗ. ಬ್ಯಾಂಡ್ ಕಚ್ಚುವ ಕಡೆ ಮುರಿದ ಕೂದಲು ಉಳಿದ ಕೂದಲಿನೊಂದಿಗೆ ಜಾರಿ ಹೊರಬರುತ್ತಿತ್ತು. ಮರುದಿನದಿಂದ ಬಟ್ಟೆ ಸುತ್ತಿದ ಬ್ಯಾಂಡ್, ಒಂದು ದಿನ ಕೆಳಗೆ, ಒಂದು ದಿನ ಪಕ್ಕಕ್ಕೆ.

ಆದರೆ ಕಿವಿಯ ಮೇಲೆ ತೆಳ್ಳಗಾದದ್ದು ಮುರಿಯುವ ಕಥೆಯಲ್ಲ, ಅದು ಬುಡವನ್ನೇ ಎಳೆದ ಕಥೆ. ವೈದ್ಯರು ಇದನ್ನು ಟ್ರಾಕ್ಷನ್ ಅಲೋಪೇಶಿಯಾ ಎನ್ನುತ್ತಾರೆ. ಹೊಸ ಕಾಯಿಲೆಯೇನಲ್ಲ. 1907ರಷ್ಟು ಹಿಂದೆಯೇ ಗ್ರೀನ್‌ಲ್ಯಾಂಡಿನ ಹೆಂಗಸರಲ್ಲಿ ಇದನ್ನು ಗುರುತಿಸಿ ಬರೆದಿದ್ದಾರೆ. ಅವರು ಕೂದಲನ್ನೆಲ್ಲ ಬಿಗಿಯಾಗಿ ಎಳೆದು ಕಟ್ಟುತ್ತಿದ್ದರು, ಹಣೆಯ ಅಂಚು ಬೋಳಾಗುತ್ತಿತ್ತು. ಗುಂಗುರಿರಲಿ ನೇರವಿರಲಿ, ಎಳೆತ ಹೆಚ್ಚಾದರೆ ಯಾರ ಬುಡವೂ ತಡೆಯದು. ಮೊದಲು ಬುಡ ಕೆಂಪಾಗುತ್ತದೆ, ಸಣ್ಣ ಗುಳ್ಳೆ ಏಳುತ್ತವೆ, ಚರ್ಮ ಜಡೆಯ ಜೊತೆ ಮೇಲೆದ್ದು ನಿಲ್ಲುತ್ತದೆ. ಆಮೇಲೆ ಅಂಚಿನ ಕೂದಲು ತೆಳ್ಳಗಾಗುತ್ತದೆ. ತೀರಾ ಮುಂದೆ ಮಾತ್ರ ಜಡೆಗೆ ಸಿಗದ ಕುರುಚಲು ಕೂದಲಿನ ಸಾಲೊಂದು ಉಳಿಯುತ್ತದೆ. ಈ ಸಾಲಿಗೆ ಚರ್ಮವೈದ್ಯರು ಫ್ರಿಂಜ್ ಸೈನ್ ಎನ್ನುತ್ತಾರೆ. ಕನ್ನಡಿ ಮುಂದೆ ನಿಂತು ನಿಮಗೆ ಅದಿದೆಯೇ ನೋಡಿ, ವೈದ್ಯರಿಗೆ ಹೇಳಿ. ಬೇಗ ಎಳೆತ ನಿಲ್ಲಿಸಿದರೆ ಕೂದಲು ಮರಳಿ ಬರುತ್ತದೆ. ವರ್ಷಗಟ್ಟಲೆ ಮುಂದುವರಿದರೆ ಬುಡದಲ್ಲಿ ಕಲೆಗಟ್ಟಿ, ಅಲ್ಲಿ ಇನ್ನು ಕೂದಲೇ ಹುಟ್ಟುವುದಿಲ್ಲ. ನೀವು ಮೊದಲ ಹಂತದಲ್ಲೇ ಇರಲಿ ಎಂಬುದು ನನ್ನ ಆಸೆ. ಒಂದೂವರೆ ವರ್ಷ ಎಂದಿರಿ, ಅದಕ್ಕೇ ಇಷ್ಟು ಅವಸರ ಮಾಡುತ್ತಿದ್ದೇನೆ.

ನೋವಿನ ಮಾತ್ರೆಯ ವಿಷಯ ನೀವು ಒಂದೇ ಸಾಲಿನಲ್ಲಿ ಬರೆದು ಮುಂದೆ ಹೋಗಿದ್ದೀರಿ. ನನಗೆ ಇಡೀ ಪತ್ರದಲ್ಲಿ ದೊಡ್ಡದಾಗಿ ಕಂಡದ್ದು ಅದೇ. ಜಡೆ ಹೊಸದರಲ್ಲಿ ನೋಯುವುದು ಸಹಜ, ಆಮೇಲೆ ಸಡಿಲಾಗುತ್ತದೆ ಎನ್ನುವವರು ಬಹಳ. ಸಡಿಲಾಗುವುದು ಜಡೆಯಲ್ಲ, ಬುಡ. ಮುಂದಿನ ಸಲ ಹಾಕಿಸುವಾಗ ಹುಬ್ಬು ಎತ್ತಿ ಇಳಿಸಿ ನೋಡಿ, ನೆತ್ತಿ ಬಿಗಿದಂತಾದರೆ ಅಲ್ಲೇ ನಿಲ್ಲಿಸಿ ಎನ್ನಿ. ಹಾಕುವವರ ಮುಖ ಸಣ್ಣಗಾದರೂ ಸರಿ, ಬಿಚ್ಚಿಸಿ ಮತ್ತೆ ಹಾಕಿಸಿ. ತಲೆ ನಿಮ್ಮದು.

ಹಾಗಾದರೆ ಜಡೆ ಬೇಡವೇ? ಬೇಕು. ಸಣ್ಣ ಸಣ್ಣ ಹತ್ತಾರು ಜಡೆಗಿಂತ ದಪ್ಪನೆಯ ನಾಲ್ಕೈದು ಒಳ್ಳೆಯದು. ಬುಡದ ಹತ್ತಿರ ಸಡಿಲ ಬಿಟ್ಟು ಕೆಳಗೆ ಹೆಣೆಯಬೇಕು. ತುದಿಯನ್ನು ಒಳಗೆ ಮಡಚಿ ಕಟ್ಟಬೇಕು, ಕಾಯಬೇಕಾದದ್ದು ಅದನ್ನೇ ತಾನೇ. ಕಿವಿಯ ಮೇಲಿನ, ಹಣೆಯ ಅಂಚಿನ ಎಳೆಗೂದಲನ್ನು ಜಡೆಗೆ ಸೇರಿಸಲೇಬೇಡಿ, ಗಾಳಿಗೆ ಹಾರಾಡಿಕೊಂಡಿರಲಿ. ಕೃತಕ ಕೂದಲು ಸೇರಿಸಿ ಉದ್ದ ಮಾಡಿಸುವವರು ತೂಕವನ್ನು ಲೆಕ್ಕಕ್ಕೆ ಹಿಡಿಯಬೇಕು, ಆ ಭಾರವನ್ನು ಹಗಲೂ ರಾತ್ರಿ ಹೊರುವುದು ಬುಡವೇ. ಕೆಮಿಕಲ್ ಹಾಕಿ ನೇರ ಮಾಡಿಸಿದ ಕೂದಲಿಗೆ ಬಿಗಿ ಜಡೆ ಹಾಕಿಸುವುದಂತೂ ಬೇಡವೇ ಬೇಡ. ಅಪಾಯ ಹೆಚ್ಚುವುದೇ ಅಲ್ಲಿ. ಆರರಿಂದ ಎಂಟು ವಾರಕ್ಕಿಂತ ಹೆಚ್ಚು ಇಡಬಾರದು. ಇನ್ನೂ ಉಳಿದರೆ ಉದುರಿದ ಕೂದಲು ಇರುವ ಕೂದಲಿಗೆ ಗಂಟು ಬಿದ್ದು, ಬಿಡಿಸುವಾಗ ಉಳಿಸಿದ್ದನ್ನೆಲ್ಲ ಕಳೆಯುತ್ತೀರಿ. ಒಂದು ಸುತ್ತಿನ ಜಡೆಗೂ ಇನ್ನೊಂದಕ್ಕೂ ನಡುವೆ ಎರಡು ವಾರವಾದರೂ ತಲೆ ಸುಮ್ಮನಿರಲಿ, ಬೈತಲೆಯ ಜಾಗವೂ ಬದಲಾಗಲಿ.

ಜಡೆ ಇದ್ದಾಗಲೂ ನೆತ್ತಿ ತೊಳೆಯಬೇಕು, ವಾರ ಹತ್ತು ದಿನಕ್ಕೊಮ್ಮೆ. ಒದ್ದೆ ಕೂದಲನ್ನು ಎಳೆದು ಹೆಣೆಯಬೇಡಿ. ನೆನೆದ ಕೂದಲು ರಬ್ಬರಿನಂತೆ ಹಿಗ್ಗುತ್ತದೆ, ಆಗಲೇ ಅದು ತೀರಾ ದುರ್ಬಲ. ತಲೆಸ್ನಾನಕ್ಕೆ ಮೊದಲು ಕೊಬ್ಬರಿ ಎಣ್ಣೆ ಸವರುವುದು ಒಳ್ಳೆಯದು. ಅದು ಎಳೆಯ ಒಳಗಿಳಿದು ಪ್ರೋಟೀನ್ ಸೋರುವುದನ್ನು ಕಡಿಮೆ ಮಾಡುತ್ತದೆ, ಸೂರ್ಯಕಾಂತಿ ಎಣ್ಣೆಗೂ ಮಿನರಲ್ ಆಯಿಲ್‌ಗೂ ಆ ಗುಣ ಕಾಣಲಿಲ್ಲ ಎಂದು 2003ರಲ್ಲಿ ಪ್ರಕಟವಾದ ಅಧ್ಯಯನ ಹೇಳಿತು. ರಾತ್ರಿ ಸ್ಯಾಟಿನ್ ದಿಂಬುಚೀಲ ಇದ್ದರೆ ಉಜ್ಜಾಟ ಕಡಿಮೆ. ಬಯೋಟಿನ್ ಎಂಬ ಬಿ ವಿಟಮಿನ್ ಮಾತ್ರೆಗಳಿಗೆ, ಕೊರತೆ ಇದೆ ಎಂದು ವೈದ್ಯರು ಹೇಳದ ಹೊರತು, ದುಡ್ಡು ಸುರಿಯಬೇಡಿ.

ಕೊನೆಯ ಪ್ರಶ್ನೆ, ತುದಿ ಕತ್ತರಿಸುವುದು. ಕತ್ತರಿಸಿದರೆ ಬೆಳೆಯುವ ವೇಗ ಹೆಚ್ಚುವುದಿಲ್ಲ. ಆದರೆ ಸೀಳಿದ ತುದಿಯನ್ನು ಹಾಗೇ ಬಿಟ್ಟರೆ ಸೀಳು ಮೇಲೇರುತ್ತದೆ, ಪಕ್ಕದ ಎಳೆಗೆ ಸಿಕ್ಕಿ ಅದನ್ನೂ ಹಾಳು ಮಾಡುತ್ತದೆ. ನೀವು ಬರೆದದ್ದು ನೋಡಿದರೆ ಎರಡು ಬೆರಳಗಲ ಹೋಗಲಿ ಎನ್ನುತ್ತೇನೆ. ಭುಜ ಮುಟ್ಟಿದ್ದನ್ನು ಮತ್ತೆ ಕುತ್ತಿಗೆಗೆ ಏರಿಸಲು ಮನಸ್ಸಾಗುವುದಿಲ್ಲ, ಗೊತ್ತು. ಕತ್ತರಿಸಿದ ದಿನವೇ ಹಿಂಭಾಗದ ಒಂದು ಎಳೆಯನ್ನು ಮೆಲ್ಲಗೆ ನೇರವಾಗಿ ಹಿಡಿದು ಅಳೆದು ಬರೆದಿಡಿ. ಕನ್ನಡಿಯ ಮಾತು ನಂಬಬೇಡಿ, ಬಿಗಿ ಗುಂಗುರು ಇದ್ದ ಉದ್ದದ ಅರ್ಧಕ್ಕಿಂತ ಹೆಚ್ಚು ಕುಗ್ಗಿ ಕಾಣುವುದುಂಟು. ಮೂರು ತಿಂಗಳು ಬಿಟ್ಟು ಅದೇ ಜಾಗದಲ್ಲಿ ಮತ್ತೆ ಅಳೆಯಿರಿ. ಎರಡೂ ಅಂಕಿಗಳನ್ನು, ವೈದ್ಯರು ಹೇಳಿದ್ದನ್ನೂ ನನಗೆ ಬರೆದು ಕಳಿಸಿ. ಆ ಹಳೆಯ ಲೇಖನದ ತಿದ್ದುಪಡಿಯನ್ನು ಇದೇ ಸಂಚಿಕೆಯಲ್ಲಿ, ಲೇಖನ ಬಂದಿದ್ದ ಅದೇ ಪುಟದಲ್ಲಿ, ಅಷ್ಟೇ ದೊಡ್ಡ ಅಕ್ಷರದಲ್ಲಿ ಹಾಕಿದ್ದೇವೆ.