ದವಾಖಾನೆ ಬಿಲ್ಲು, ಕಂಪನಿ ವಿಮೆ: ಓದುಗರ ಪ್ರಶ್ನೆಗಳು

ಪ್ರಶ್ನೆ: ಕಾರ್ಖಾನೆಯವರು ಮಾಡಿಸಿದ ಗುಂಪು ವಿಮೆ 3 ಲಕ್ಷದ್ದು. ತಾಯಿಯ ಕಾಲು ಮುರಿದು ಆಪರೇಷನ್ ಆಯಿತು. 5 ದಿನ 4,500 ರೂಪಾಯಿಯ ರೂಮಿನಲ್ಲಿದ್ದರು. ಬಿಲ್ಲು 1,87,500. ನಮ್ಮ ವಿಮೆಯಲ್ಲಿ ರೂಮು ಬಾಡಿಗೆಯ ಮಿತಿ ದಿನಕ್ಕೆ 3,000 ಅಂತೆ. ಹಾಗಾದರೆ ಹೆಚ್ಚಾಗಿದ್ದು 7,500 ಮಾತ್ರ, ವಿಮಾ ಕಂಪನಿ ಕಡಿದದ್ದು 62,500! ಇದ್ಯಾವ ಲೆಕ್ಕ?
– ಓದುಗರು, ಮುಧೋಳ

ಉತ್ತರ: ರೂಮು ದೊಡ್ಡದಾದರೆ ಬಾಡಿಗೆಯೊಂದೇ ಏರುವುದಿಲ್ಲ. ಸರ್ಜನ್, ಅರಿವಳಿಕೆ, ಆಪರೇಷನ್ ಥಿಯೇಟರ್, ನರ್ಸಿಂಗ್ ದರಗಳೂ ರೂಮಿನ ದರ್ಜೆ ನೋಡಿಯೇ ಏರುತ್ತವೆ. ಅದಕ್ಕೇ ವಿಮಾ ಕಂಪನಿ ಮಿತಿಯ ಅನುಪಾತದಲ್ಲಿ ಕಡಿಯುತ್ತದೆ. ನಿಮ್ಮಲ್ಲಿ 4,500ಕ್ಕೆ 3,000, ಅಂದರೆ ಮೂರರಲ್ಲಿ ಎರಡು ಪಾಲು ಸಿಗಬೇಕು.

ಆದರೆ ನಿಮಗೆ ಇಡೀ ಬಿಲ್ಲಿನ ಮೇಲೆ ಕಡಿದಿದ್ದಾರೆ. ಅದು ತಪ್ಪು. ಔಷಧ, ಬಳಸಿ ಬಿಸಾಡುವ ಸಾಮಗ್ರಿ, ಇಂಪ್ಲಾಂಟ್ (ಮೂಳೆಗೆ ಹಾಕುವ ಪ್ಲೇಟಿನಂಥದ್ದು), ರಕ್ತಪರೀಕ್ಷೆ, ಎಕ್ಸ್‌ರೇ ಇವುಗಳಿಗೆ ಅನುಪಾತ ಹಚ್ಚಬಾರದೆಂದು ವಿಮಾ ನಿಯಂತ್ರಣ ಪ್ರಾಧಿಕಾರವಾದ ಐಆರ್‌ಡಿಎಐ 2020ರಲ್ಲೇ ಹೇಳಿತು. ಪಾಲಿಸಿಗಳಲ್ಲಿ ‘ಸಂಬಂಧಿತ ವೈದ್ಯಕೀಯ ವೆಚ್ಚ’ ಎಂಬ ವ್ಯಾಖ್ಯೆಯಲ್ಲಿ ಇದು ಇರುತ್ತದೆ; ನಿಮ್ಮದರಲ್ಲಿ ಮೊದಲು ಅದನ್ನು ಓದಿ. ನೀವು ಕಳಿಸಿದ ಬಿಲ್ಲಿನಲ್ಲಿ ಪ್ಲೇಟು, ಔಷಧ, ಪರೀಕ್ಷೆ ಸೇರಿ 75,000 ಇದೆ. ಅದು ಪೂರ್ತಿ ಬರಬೇಕು. ಬಾಡಿಗೆ 22,500ಕ್ಕೆ 15,000, ವೈದ್ಯರು ಮತ್ತು ಥಿಯೇಟರಿನ 90,000ಕ್ಕೆ 60,000. ಒಟ್ಟು 1,50,000. ಬಂದದ್ದು 1,25,000. ಬಾಕಿ 25,000 ಕೇಳುವ ಹಕ್ಕು ನಿಮಗಿದೆ. ಉಳಿದ 37,500 ಮಾತ್ರ ರೂಮಿನ ಆಸೆಗೆ ತೆತ್ತ ದಂಡ.

ಮೊದಲು ವಿಮಾ ಕಂಪನಿಯ ದೂರು ವಿಭಾಗಕ್ಕೆ ಬಿಡಿಬಿಡಿ ಬಿಲ್ಲಿನೊಂದಿಗೆ ಬರೆಯಿರಿ. ಟಿಪಿಎಗೆ ಬರೆದರೆ ಸಾಲದು, ಅದು ಕಂಪನಿಯ ಪರವಾಗಿ ಕ್ಲೇಮಿನ ಕಾಗದಪತ್ರ ನೋಡುವ ಬರೀ ಮಧ್ಯವರ್ತಿ. 30 ದಿನದಲ್ಲಿ ಉತ್ತರ ಬಾರದಿದ್ದರೆ, ಅಥವಾ ಬಂದದ್ದು ಒಪ್ಪಿಗೆಯಾಗದಿದ್ದರೆ, ಒಂದು ವರ್ಷದೊಳಗೆ, ಇಂಥ ದೂರು ತೀರ್ಮಾನಿಸುವ ಬೆಂಗಳೂರಿನ ವಿಮಾ ಒಂಬುಡ್ಸ್‌ಮನ್‌ಗೆ ಹೋಗಬಹುದು. ಶುಲ್ಕವಿಲ್ಲ, ವಕೀಲರೂ ಬೇಡ.

ಪ್ರಶ್ನೆ: ಸಂಸ್ಥೆ ನಡೆಸುವ ದವಾಖಾನೆ ಎಂದರೆ ಲಾಭಕ್ಕಲ್ಲ ತಾನೆ? ಮತ್ತೆ ಬಿಲ್ಲು ಯಾಕೆ ಕಡಿಮೆಯಿಲ್ಲ? ಪ್ರತಿ ವರ್ಷ ಕಂಪನಿ ವಿಮೆಯ ಸೌಲಭ್ಯ ಕುಗ್ಗುತ್ತಿರುವುದೇಕೆ?
– ಓದುಗರು, ವಿಜಯಪುರ

ಉತ್ತರ: ‘ಲಾಭಕ್ಕಲ್ಲ’ ಎಂದರೆ ಉಳಿತಾಯವನ್ನು ಯಾರೂ ಹಂಚಿಕೊಳ್ಳುವಂತಿಲ್ಲ ಎಂದಷ್ಟೇ, ಅಗ್ಗ ಎಂದಲ್ಲ. ಉಳಿದ ರೊಕ್ಕ ಹೊಸ ಕಟ್ಟಡ, ಎಂಆರ್‌ಐ, ಕಾಲೇಜಿಗೆ ಹೋಗುತ್ತದೆ. ನಮ್ಮ ಭಾಗದಲ್ಲಿ ಬೆಳಗಾವಿಯ ಕೆಎಲ್‌ಇ (1916), ವಿಜಯಪುರದ ಬಿಎಲ್‌ಡಿಇ (1910), ಬಾಗಲಕೋಟೆಯ ಬಿವಿವಿ ಸಂಘ (1906) ಶಾಲೆಯಿಂದ ಶುರುವಾಗಿ ವೈದ್ಯಕೀಯ ಕಾಲೇಜಿನವರೆಗೆ ಬೆಳೆದವು. ಇವು ಬರದಿದ್ದರೆ ಹೃದಯ, ಮಿದುಳಿನ ಚಿಕಿತ್ಸೆಗೆ ಇಂದಿಗೂ ಮಿರಜ್, ಸೊಲ್ಲಾಪುರದ ಬಸ್ಸೇ ಗತಿಯಾಗುತ್ತಿತ್ತು. ಉಪಕಾರ ದೊಡ್ಡದು. ಆದರೆ ತಜ್ಞರೆಲ್ಲ ಒಂದೇ ಛಾವಣಿಯಡಿ ಇರುವ ಯಾವ ಊರಿನಲ್ಲೇ ಆಗಲಿ, ಆ ದವಾಖಾನೆಯನ್ನು ಬಿಟ್ಟು ವಿಮಾ ಕಂಪನಿ ತನ್ನ ಒಪ್ಪಂದದ ದವಾಖಾನೆಗಳ ಪಟ್ಟಿ ಮಾಡಲಾಗದು. ಪರ್ಯಾಯವಿಲ್ಲದಲ್ಲಿ ದರದ ಚೌಕಾಸಿ ಕುಂಟುತ್ತದೆ.

ಆ ಭಾರ ಇಳಿಯುವುದು ನಿಮ್ಮ ಮೇಲೆ. ವರ್ಷದಲ್ಲಿ ಕಟ್ಟಿದ ಪ್ರೀಮಿಯಂಗಿಂತ ಕ್ಲೇಮು ಹೆಚ್ಚಾದರೆ ನವೀಕರಣದ ದರ ಏರುತ್ತದೆ. ಆಗ ಮಾಲೀಕರು ಮೊದಲು ಕತ್ತರಿಸುವುದು ತಂದೆತಾಯಿಯ ರಕ್ಷಣೆಯನ್ನು. ಆಮೇಲೆ ಸಹಪಾವತಿ (ಬಿಲ್ಲಿನ ಒಂದು ಪಾಲು ನೀವೇ ಕಟ್ಟುವ ಷರತ್ತು) ಸೇರಿಸುತ್ತಾರೆ, ರೂಮಿನ ಮಿತಿ ತಗ್ಗಿಸುತ್ತಾರೆ. ನವೀಕರಣಕ್ಕೆ ಎರಡು ತಿಂಗಳು ಮೊದಲೇ ಎಚ್‌ಆರ್ ಬಳಿ ಹೋಗಿ. ಮಿತಿಯನ್ನು ರೂಪಾಯಿಯಲ್ಲಿ ಬೇಡ, ‘ಒಬ್ಬರ ಸಾಮಾನ್ಯ ಖಾಸಗಿ ರೂಮು’ ಎಂದು ಬರೆಸಿ ಎನ್ನಿ. ತಂದೆತಾಯಿಯನ್ನು ತೆಗೆಯುವ ಮಾತು ಬಂದರೆ, ಪಗಾರದಿಂದ ಪ್ರೀಮಿಯಂ ಮುರಿದುಕೊಂಡು ಉಳಿಸಲು ಕೇಳಿ. ಹೊರಗೆ ಹೊಸ ಪಾಲಿಸಿ ಮಾಡಿಸಿದರೆ ಹಳೆಯ ಸಕ್ಕರೆ ಕಾಯಿಲೆಗೆ 3 ವರ್ಷದವರೆಗೂ ಕಾಯಿಸಬಹುದು.

ಪ್ರಶ್ನೆ: ಜೂನ್‌ನಲ್ಲಿ ಪಗಾರ 22,000 ಆಯಿತು. ನೌಕರರ ಸರಕಾರಿ ವಿಮೆಯಾದ ಇಎಸ್‌ಐ ನಿಂತೇ ಹೋಯಿತೆ?
– ಓದುಗರು, ಗೋಕಾಕ

ಉತ್ತರ: ಕೂಡಲೇ ಅಲ್ಲ. ತಿಂಗಳ ಪಗಾರದ ಮಿತಿ 21,000 ನಿಜ, ಆದರೆ ವಂತಿಗೆಯ ಅವಧಿ ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ. ಆ ಕೊನೆಯವರೆಗೂ ನಿಮ್ಮಿಂದ ಶೇ. 0.75, ಮಾಲೀಕರಿಂದ ಶೇ. 3.25 ಕಟ್ಟಲೇಬೇಕು. ಅದರ ಸೌಲಭ್ಯದ ಅವಧಿ ಮುಂದಿನ ಜನವರಿಯಿಂದ ಜೂನ್‌ವರೆಗೆ. ಜೂನ್‌ನಿಂದಲೇ ಕಡಿತ ನಿಲ್ಲಿಸಿದ್ದರೆ ಪಗಾರ ಚೀಟಿ ಹಿಡಿದು ಇಎಸ್‌ಐ ಶಾಖಾ ಕಚೇರಿಗೆ ಹೋಗಿ.