ಮನೆಗೆ ಕರ್ಕೊಂಡು ಹೋಗಿ ಅಂದ್ರು, ಮುಂದೇನು?

ಪ್ರಶ್ನೆ: ಅಕ್ಕಾ, ಅವ್ವನಿಗೆ ಕ್ಯಾನ್ಸರ್. ಡಾಕ್ಟರು ‘ಇನ್ನೇನೂ ಮಾಡಕ್ಕಾಗಲ್ಲ’ ಅಂದರು. ರಾತ್ರಿಯೆಲ್ಲ ನರಳುತ್ತಾಳೆ. ಬೇರೆ ಕಡೆ ಇಂಥವರನ್ನು ಹೇಗೆ ನೋಡಿಕೊಳ್ಳುತ್ತಾರೆ?
– ಓದುಗರು, ಜಮಖಂಡಿ

ಉತ್ತರ: ಮಾಡೋದು ಬಹಳ ಇದೆ, ತಂಗಿ. ಲಂಡನ್ನಿನಲ್ಲಿ ಸಿಸಿಲಿ ಸಾಂಡರ್ಸ್ ಎಂಬ ಡಾಕ್ಟರು 1967ರಲ್ಲಿ ಇಂಥ ರೋಗಿಗಳಿಗೆಂದೇ ಆಸ್ಪತ್ರೆ ತೆರೆದರು. ನೋವು ಮತ್ತೆ ಏಳುವ ಮುಂಚೆಯೇ, ಹೊತ್ತಿಗೆ ಸರಿಯಾಗಿ ಔಷಧ ಕೊಡುವುದು ಅವರ ಪದ್ಧತಿ. ಉಗಾಂಡಾದಲ್ಲಿ ಡಾಕ್ಟರು ಕಡಿಮೆ. ತರಬೇತಾದ ನರ್ಸ್‌ಗಳೇ ಮಾರ್ಫಿನ್ ಎಂಬ, ಜೋರು ನೋವು ತಗ್ಗಿಸುವ ಔಷಧ ಬರೆದುಕೊಡುತ್ತಾರೆ. ಬೆಳಗಾವಿಯಲ್ಲಿ ನರ್ಸ್ ಆಗಿದ್ದ ನನಗೆ ಜಾಸ್ತಿ ಹಿಡಿಸಿದ್ದು ಕೇರಳ. ಅಲ್ಲಿ ನರ್ಸ್, ಊರಿನ ಸ್ವಯಂಸೇವಕರು ಮನೆಗೇ ಬಂದು ಹುಣ್ಣು ತೊಳೆದು, ಮಗ್ಗುಲು ಬದಲಿಸುವುದನ್ನು ಮನೆಯವರಿಗೆ ಕಲಿಸುತ್ತಾರೆ. ನಮ್ಮ ಹಳ್ಳಿಗಳಲ್ಲೂ ಇದು ಆಗಲೇಬೇಕು, ಅಲ್ವಾ?

ಸದ್ಯಕ್ಕೆ ದೊಡ್ಡ ಆಸ್ಪತ್ರೆಯಲ್ಲಿ ‘ಪ್ಯಾಲಿಯೇಟಿವ್ ಕೇರ್’ ಎಂದೇ ಕೇಳಿ; ಅಂದ್ರೆ ಗಂಭೀರ ಕಾಯಿಲೆಯವರ ನೋವು, ಸಂಕಟ ತಗ್ಗಿಸುವ ಆರೈಕೆ. ಮಾರ್ಫಿನ್ ಕೊಟ್ಟರೆ ಮಲ ಕಟ್ಟುತ್ತದೆ, ಅದಕ್ಕೂ ಔಷಧ ಬರೆಸಿಕೊಳ್ಳಿ.