ತಿಕ್ಕಾಟ ಇದ್ದರೇನು?

ಶಿವಮೊಗ್ಗದ ಓದುಗರೊಬ್ಬರು ಬರೆದಿದ್ದಾರೆ: 'ಜಪಾನಿ ಭಾಷೆಯಲ್ಲಿ ಮಸತ್ಸು ಅಂತ ಒಂದು ಪದ ಇದೆಯಂತೆ. ಎರಡು ವಸ್ತು ಉಜ್ಜಿಕೊಂಡರೂ ಮಸತ್ಸು, ಇಬ್ಬರಿಗೆ ಹೊಂದದಿದ್ದರೂ ಮಸತ್ಸು. ಅದನ್ನು ತಪ್ಪಿಸಿಕೊಂಡೇ ಆ ಜನ ಮುಂದೆ ಬಂದರು. ನಮ್ಮಲ್ಲಿ ಅಂಥ ಪದವೂ ಇಲ್ಲ, ಆ ಬುದ್ಧಿಯೂ ಇಲ್ಲ.'

ಪದ ಇಲ್ಲ ಅಂದಿರಲ್ಲ ಸ್ವಾಮಿ, ಬೇಜಾರಾಗಿದ್ದು ಅಲ್ಲೇ. ತಿಕ್ಕಾಟ ಮತ್ತೇನು? ಪಾತ್ರೆ ತಿಕ್ಕುತ್ತೇವೆ, ಬಚ್ಚಲಲ್ಲಿ ಬೆನ್ನು ತಿಕ್ಕುತ್ತೇವೆ, ಅತ್ತೆಗೂ ಸೊಸೆಗೂ ತಿಕ್ಕಾಟ ಅನ್ನುತ್ತೇವೆ. ಇಷ್ಟು ಒಳ್ಳೆ ಪದವನ್ನು ನಮ್ಮ ಕರಡು ತಿದ್ದುವ ಹುಡುಗ ಸಿಕ್ಕಲ್ಲೆಲ್ಲ 'ಸಂಘರ್ಷ' ಮಾಡಿಬಿಡುತ್ತಾನೆ. ನಾನು ಮತ್ತೆ ತಿಕ್ಕಾಟ ಮಾಡುತ್ತೇನೆ.

ಜಗಳ ಕಡಿಮೆಯಿದ್ದರೆ ಒಳ್ಳೆಯದು, ಒಪ್ಪಿದೆ. ಆದರೆ ಜಪಾನಿನವರೇನು ಮಸತ್ಸು ಕಂಡರೆ ಓಡುವವರಲ್ಲ. ಜಪಾನಿ ಬರಹದಲ್ಲಿ ಆ ಪದಕ್ಕೆ ಎರಡೇ ಚಿತ್ರಾಕ್ಷರ. ಮೊದಲನೆಯದರ ಅಡಿಯಲ್ಲಿ 'ಕೈ' ಅನ್ನುವ ಗುರುತು ಇದೆ, ಎರಡನೆಯದರ ಎಡಕ್ಕೂ 'ಕೈ' ಇದೆ. ಎರಡೂ ಕೈ ಹಾಕಿ ಉಜ್ಜಿದ ಪದ! ಚಳಿಗಾಲದ ಬೆಳಿಗ್ಗೆ ಅಂಗಿ ಬಿಚ್ಚಿ, ಒಣ ಟವೆಲ್‌ನಲ್ಲಿ ಮೈ ಕೆಂಪಾಗುವಷ್ಟು ಉಜ್ಜಿಕೊಳ್ಳುವ ಅಭ್ಯಾಸ ಅವರಲ್ಲಿದೆ. ಅದರ ಹೆಸರು ಕಂಪು ಮಸತ್ಸು. (ನಮ್ಮ ಮಲ್ಲಿಗೆಯ ಕಂಪಲ್ಲ, ಒಣ ಬಟ್ಟೆ ಅಂತ ಅರ್ಥ.) ಶಾಲೆ ಮಕ್ಕಳಿಗೂ ಮಾಡಿಸುತ್ತಿದ್ದರು, ನೆಗಡಿ ಹತ್ತಿರ ಸುಳಿಯಲ್ಲ ಅಂತ.

ವ್ಯಾಪಾರದಲ್ಲೂ ಅಷ್ಟೇ. ಕಾರಿನ ವಿಚಾರದಲ್ಲಿ ಅಮೆರಿಕದ ಜೊತೆ ಕೆಟ್ಟಾಗ ಅದನ್ನು 'ಬೋಯೆಕಿ ಮಸತ್ಸು' ಅಂದರು, ವ್ಯಾಪಾರದ ತಿಕ್ಕಾಟ. 1981ರಲ್ಲಿ ವರ್ಷಕ್ಕೆ 16.8 ಲಕ್ಷ ಕಾರಿಗಿಂತ ಜಾಸ್ತಿ ಕಳಿಸಲ್ಲ ಅಂತ ಒಪ್ಪಿಕೊಂಡರು. ಹಾಗಂತ ಸುಮ್ನೆ ಕೂತರಾ? ಮರುವರ್ಷವೇ ಹೋಂಡಾ ಕಾರು ಅಮೆರಿಕದ ಒಹಾಯೊದಲ್ಲೇ ತಯಾರಾಗತೊಡಗಿತು.

ತಿಕ್ಕಾಟ ನಿಂತುಹೋಗಿರುವುದು ನಮ್ಮಲ್ಲಿ. ಮೊದಲೆಲ್ಲ ಒಂದು ತಲೆಬರಹಕ್ಕೆ ಅರ್ಧ ಗಂಟೆ ಕಿತ್ತಾಡುತ್ತಿದ್ದೆವು, ಟೀ ಆರಿ ಕೆನೆ ಕಟ್ಟುತ್ತಿತ್ತು. ಈಗ ವಾಟ್ಸಾಪ್‌ಗೆ ಹಾಕಿದರೆ ಆರು ಹೆಬ್ಬೆರಳು ಬರುತ್ತವೆ, ಮುಗೀತು. ಹೋದ ತಿಂಗಳು ತಲೆಬರಹದಲ್ಲೇ ಕಾಗುಣಿತ ತಪ್ಪಿ ಅಚ್ಚಾಯಿತು. ಆರು ಹೆಬ್ಬೆರಳಲ್ಲಿ ಒಂದು ನನ್ನದೇ. ಮನೆಗಳಲ್ಲೂ ಇದೇ ಕಥೆ, ಸಾಹಿತ್ಯದ ಸಭೆಗಳನ್ನಂತೂ ಕೇಳಲೇಬೇಡಿ. ಎಲ್ಲರೂ ಎಲ್ಲರಿಗೂ ಶಾಲು ಹೊದಿಸುತ್ತಿದ್ದಾರೆ.

ಅಂದಹಾಗೆ, ನಿಮ್ಮ ಪತ್ರದ ಮೊದಲ ಪ್ಯಾರಾ ಇಲ್ಲಿ ಹಾಕಿಲ್ಲ. ಪತ್ರಿಕೆಯನ್ನು ಅಷ್ಟೊಂದು ಹೊಗಳಿದ್ದೀರಿ. ಅದಕ್ಕೂ ಜಪಾನಿನಲ್ಲಿ ಒಂದು ಪದ ಇದೆ: ಗೊಮಸುರಿ, ಎಳ್ಳು ಅರೆಯುವುದು. ಗೀರುಗೀರಿನ ಒರಳಲ್ಲಿ ಅರೆದ ಎಳ್ಳು ಸುತ್ತ ಅಂಟಿಕೊಳ್ಳುತ್ತದಲ್ಲ, ಮುಖಸ್ತುತಿ ಮಾಡುವವರೂ ಹಾಗೆ. ಮುಂದಿನ ಸಲ ಬೈದು ಬರೆಯಿರಿ, ಪೂರ್ತಿ ಹಾಕುತ್ತೇವೆ.